ಗಾಳಿ ಹುಟ್ಟುವ ಊರಿನ ಉದ್ದನೆಯ ಹುಡುಗ

2024ರ ಜೂನ್ 7, ಶುಕ್ರವಾರ, ಬೆಳಗಿನ ಆರು ಗಂಟೆ. ನಮ್ಮಲ್ಲಿ ಹಾಲಿನ ಪ್ಯಾಕೆಟ್ ಬಾಗಿಲಿಗೆ ಬಂದು ಬೀಳುವ ಹೊತ್ತು. ಬಾಸ್ಟನ್‌ನಲ್ಲಿ ಇನ್ನೂ ಗುರುವಾರದ ರಾತ್ರಿ ಎಂಟೂವರೆ. ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯ. ಬಾಸ್ಟನ್ ಸೆಲ್ಟಿಕ್ಸ್‌ಗೆ ಎದುರಾಳಿ ಡಲ್ಲಾಸ್ ಮ್ಯಾವರಿಕ್ಸ್. ಕಾಫಿ ಲೋಟ ಹಿಡಿದು ಟೀವಿ ಮುಂದೆ ಕೂತ ನನ್ನಂಥವರ ಕಣ್ಣು ಕೋರ್ಟಿನ ಮೇಲಿದ್ದ ಹತ್ತು ಮಂದಿಯ ಮೇಲಿರಲಿಲ್ಲ, ಬೆಂಚಿನ ಮೇಲೆ ಮಂಡಿ ಮಡಚಿ ಕೂತಿದ್ದ ಒಬ್ಬನ ಮೇಲಿತ್ತು. ಮೀನಖಂಡದ ಪೆಟ್ಟಿನಿಂದ 38 ದಿನ ಆಡದೇ ಇದ್ದವನು. ಏಳಡಿ ಎರಡಿಂಚು ಉದ್ದದ ಆಳು ಬೆಂಚಿನಲ್ಲಿ ಕೂತರೆ ಮಡಚುಕುರ್ಚಿಯನ್ನು ಇನ್ನೊಮ್ಮೆ ಮಡಚಿಟ್ಟ ಹಾಗೆ ಕಾಣುತ್ತದೆ.

ಕ್ರಿಸ್ತಾಪ್ಸ್ ಪೊರ್ಜಿಂಗಿಸ್ ಎದ್ದು ಕೋರ್ಟಿಗೆ ಬಂದದ್ದು ಮೊದಲ ಕ್ವಾರ್ಟರ್‌ನ ನಡುವೆ. ಬಂದವನು ಮೈ ಬಿಸಿಯಾಗಲಿ ಎಂದು ಕಾಯಲಿಲ್ಲ. ಒಂದು ತ್ರೀ ಪಾಯಿಂಟರ್, ಒಂದು ಡಂಕ್, ತನಗಿಂತ ಗಿಡ್ಡನೆಯವನ ತಲೆಯ ಮೇಲಿಂದ ಒಂದು ಮಧ್ಯಮ ದೂರದ ಶಾಟ್, ಆ ತುದಿಯಲ್ಲಿ ಎದುರಾಳಿಯ ಬಾಲನ್ನು ಗಾಳಿಯಲ್ಲೇ ತಡೆದ ಬ್ಲಾಕ್. ಕ್ವಾರ್ಟರ್ ಮುಗಿಯುವಾಗ ಬಾಸ್ಟನ್ 37, ಡಲ್ಲಾಸ್ 20. ಆ ಅಂತರವನ್ನು ಡಲ್ಲಾಸ್‌ಗೆ ಕೊನೆಗೂ ತುಂಬಲಾಗಲಿಲ್ಲ. 107-89. ಪೊರ್ಜಿಂಗಿಸ್ ಆಡಿದ್ದು 21 ನಿಮಿಷ, ಗಳಿಸಿದ್ದು 20 ಅಂಕ.

ಆ ಸರಣಿಯಲ್ಲಿ ಅವನು ಮನಸ್ಸು ಬಿಚ್ಚಿ ಆಡಿದ್ದು ಹೆಚ್ಚುಕಡಿಮೆ ಅಷ್ಟೇ. ಮುಂದಿನ ಪಂದ್ಯದಲ್ಲಿ ಕಾಲು ಮತ್ತೆ ಕೈಕೊಟ್ಟಿತು. ಆದರೂ ಸೆಲ್ಟಿಕ್ಸ್‌ನ ಹದಿನೆಂಟನೇ ಕಿರೀಟದ ಕತೆ ಹೇಳುವವರು ಆ ಮೊದಲ ಕ್ವಾರ್ಟರ್ ಬಿಟ್ಟು ಹೇಳಲಾರರು. ಪೊರ್ಜಿಂಗಿಸ್‌ನ ಇಡೀ ವೃತ್ತಿಜೀವನವೇ ಹೀಗೆ. ಆಡಿದ ಹೊತ್ತಿಗಿಂತ ಕಾದ ಹೊತ್ತು ಜಾಸ್ತಿ. ಆಡಿದಾಗ ಮಾತ್ರ ಕಾದದ್ದಕ್ಕೆ ಮೋಸವಿಲ್ಲ.

ಉದ್ದನೆಯವರ ನಾಡು

ಲಾಟ್ವಿಯಾ ಬಾಲ್ಟಿಕ್ ಸಮುದ್ರದ ದಡದ ದೇಶ. ಜನಸಂಖ್ಯೆ 20 ಲಕ್ಷವೂ ಇಲ್ಲ. ಬೆಂಗಳೂರಿನ ಒಂದು ಮೂಲೆಯಲ್ಲಿ ಇಡೀ ದೇಶವನ್ನು ಕೂರಿಸಬಹುದು. ಅದರ ಪಶ್ಚಿಮ ಕರಾವಳಿಯಲ್ಲಿ ಲಿಯೆಪಾಯಾ ಎಂಬ ಬಂದರಿನ ಊರಿದೆ. ಚಳಿಗಾಲದಲ್ಲೂ ಹೆಪ್ಪುಗಟ್ಟದ ಬಂದರು ಎಂಬ ಕಾರಣಕ್ಕೆ ರಷ್ಯಾದ ಝಾರ್ ದೊರೆಗಳು ಇಲ್ಲಿ ನೌಕಾನೆಲೆ ಕಟ್ಟಿಸಿದ್ದರು. ಸೋವಿಯೆತ್ ಕಾಲದಲ್ಲೂ ಅದು ಸೇನೆಯ ಸ್ವತ್ತೇ. ಕಡಲಿನಿಂದ ನಿಲ್ಲದೆ ಬೀಸುವ ಗಾಳಿಗೆ ಈ ಊರು ಎಷ್ಟು ಹೆಸರುವಾಸಿ ಎಂದರೆ, ಗಾಳಿ ಹುಟ್ಟುವುದೇ ಇಲ್ಲಿ ಎಂದು ಲಾಟ್ವಿಯನ್ನರು ಹೇಳುತ್ತಾರೆ. ಇಂಥ ಊರಿನಲ್ಲಿ ಬಾಲನ್ನು ಬಯಲಲ್ಲಿ ಎಸೆಯುವುದಕ್ಕಿಂತ ನಾಲ್ಕು ಗೋಡೆಯೊಳಗೆ ಎಸೆಯುವುದೇ ವಾಸಿ ಎಂದು ಜನಕ್ಕೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಪೊರ್ಜಿಂಗಿಸ್ ಇಲ್ಲಿ ಹುಟ್ಟಿದ್ದು 1995ರ ಆಗಸ್ಟ್ 2ರಂದು. ದೇಶ ಸೋವಿಯೆತ್ ಒಕ್ಕೂಟದಿಂದ ಬಿಡಿಸಿಕೊಂಡು ನಾಲ್ಕೇ ವರ್ಷವಾಗಿತ್ತು. ತಂದೆ ಟಾಲಿಸ್, ತಾಯಿ ಇಂಗ್ರೀದಾ ಇಬ್ಬರೂ ಬ್ಯಾಸ್ಕೆಟ್‌ಬಾಲ್ ಆಡಿದವರು. ತಂದೆ ಮುಂದೆ ಬಸ್ ಓಡಿಸಿ ಸಂಸಾರ ನಡೆಸಿದರು. ಮೂವರು ಗಂಡುಮಕ್ಕಳಲ್ಲಿ ಇವನೇ ಕಿರಿಯ. ಹದಿಮೂರು ವರ್ಷ ದೊಡ್ಡವನಾದ ಅಣ್ಣ ಯಾನಿಸ್ ಯುರೋಪಿನ ಕ್ಲಬ್‌ಗಳಲ್ಲಿ ದುಡ್ಡಿಗೆ ಆಡುತ್ತಿದ್ದವನು. ತಮ್ಮನ ಮೊದಲ ಗುರು ಅವನೇ. ಮುಂದೆ ತಮ್ಮನ ಕರಾರುಗಳನ್ನು ಮಾತಾಡಿ ಕುದುರಿಸುವ ಏಜೆಂಟ್ ಆದವನೂ ಅವನೇ. (ಯಾನಿಸ್ ಎಂಬ ಹೆಸರು ಅಲ್ಲಿ ನಮ್ಮ ಮಂಜುನಾಥನಷ್ಟು ಸಾಮಾನ್ಯ. ಜೂನ್ ಕೊನೆಯಲ್ಲಿ ರಾತ್ರಿಯೆಲ್ಲ ಬೆಂಕಿ ಹಾಕಿ ಹಾಡುವ ಅವರ ದೊಡ್ಡ ಹಬ್ಬಕ್ಕೂ ಅದೇ ಹೆಸರು. ಈ ಲೇಖನದಲ್ಲೂ ಯಾನಿಸ್‌ಗಳು ಒಬ್ಬರಲ್ಲ, ಓದುಗರು ಗೊಂದಲ ಮಾಡಿಕೊಳ್ಳಬಾರದು.)

ಇಷ್ಟು ಪುಟ್ಟ ದೇಶಕ್ಕೆ ಈ ಆಟದ ಹುಚ್ಚು ಹಿಡಿದದ್ದು ನಿನ್ನೆ ಮೊನ್ನೆಯಲ್ಲ. 1935ರಲ್ಲಿ ಜಿನೀವಾದಲ್ಲಿ ನಡೆದ ಮೊಟ್ಟಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದದ್ದು ಲಾಟ್ವಿಯಾ. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 24-18. ಈಗಿನ ಪಂದ್ಯದಲ್ಲಿ ಒಂದು ಕ್ವಾರ್ಟರ್‌ಗೂ ಸಾಲದ ಅಂಕ ಅದು. ಆಗ ಅದಕ್ಕೆ ಒಂದು ಖಂಡದ ಕಪ್ ಸಿಕ್ಕಿತು. ಐದು ವರ್ಷದಲ್ಲಿ ಸೋವಿಯೆತ್ ಸೇನೆ ಬಂತು, ದೇಶವೇ ನಕಾಶೆಯಿಂದ ಮಾಯವಾಯಿತು. ಆಟ ಮಾತ್ರ ಉಳಿಯಿತು. ರೀಗಾದ ಸೇನಾ ಕ್ಲಬ್ ಎಎಸ್‌ಕೆ 1958, 1959, 1960ರಲ್ಲಿ ಸತತ ಮೂರು ಸಲ ಯುರೋಪಿಯನ್ ಚಾಂಪಿಯನ್ಸ್ ಕಪ್ ಎತ್ತಿತು. ಹೆಂಗಸರ ಕ್ಲಬ್ ಟಿಟಿಟಿ ರೀಗಾ ಹೆಂಗಸರ ಕಪ್ಪನ್ನು 18 ಸಲ ಗೆದ್ದಿತು. ಆ ತಂಡದ ಉಲ್ಯಾನಾ ಸೆಮ್ಯೊನೊವಾ ಏಳಡಿಯ ಆಸುಪಾಸಿನ ಹೆಣ್ಣುಮಗಳು. ಎರಡು ಒಲಿಂಪಿಕ್ ಚಿನ್ನ ಗೆದ್ದು, ಮುಂದೆ ಅಮೆರಿಕದ ಹಾಲ್ ಆಫ್ ಫೇಮ್‌ಗೂ ಸೇರಿದಾಕೆ.

ಎಎಸ್‌ಕೆಯ ಸೆಂಟರ್ ಹೆಸರು ಯಾನಿಸ್ ಕ್ರೂಮಿನ್ಶ್. ಎರಡನೇ ಯಾನಿಸ್ ಇವನು. 218 ಸೆಂಟಿಮೀಟರ್ ಎತ್ತರ, ಅಂದರೆ ಏಳಡಿಯ ಮೇಲೆ ಸುಮಾರು ಎರಡಿಂಚು. ಕಾಡಿನಲ್ಲಿ ಕೂಲಿ ಮಾಡಿಕೊಂಡಿದ್ದ ಇವನ ಕೈಗೆ ಬಾಲು ಕೊಟ್ಟಾಗ ವಯಸ್ಸು ಇಪ್ಪತ್ತು ದಾಟಿತ್ತು. ಕೋಚ್ ಅಲೆಕ್ಸಾಂಡರ್ ಗೊಮೆಲ್ಸ್ಕಿ ಹಟ ಹಿಡಿದು ಕಲಿಸಿದರು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಇವನಿದ್ದ ಸೋವಿಯೆತ್ ತಂಡಕ್ಕೆ ಎದುರು ನಿಂತದ್ದು ಬಿಲ್ ರಸೆಲ್ ಇದ್ದ ಅಮೆರಿಕ ತಂಡ. 89-55. ಸೋತು ಬೆಳ್ಳಿ ಕಟ್ಟಿಕೊಂಡು ಬಂದ ಕ್ರೂಮಿನ್ಶ್ ಮುಂದಿನ ಎರಡು ಒಲಿಂಪಿಕ್ಸ್‌ನಿಂದಲೂ ಬೆಳ್ಳಿಯನ್ನೇ ತಂದ. ರಸೆಲ್ ಅಲ್ಲಿಂದ ನೇರ ಬಾಸ್ಟನ್‌ಗೆ ಹೋಗಿ, ಸೆಲ್ಟಿಕ್ಸ್‌ಗೆ 13 ಸೀಸನ್‌ಗಳಲ್ಲಿ 11 ಕಿರೀಟ ಗೆದ್ದುಕೊಟ್ಟ. ಈ ಎಳೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಲಿ.

ಸೆವಿಯಾದ ಸುಸ್ತು

ಹದಿನೈದನೇ ವಯಸ್ಸಿಗೆ ಹುಡುಗ ಮನೆ ಬಿಟ್ಟ. 2010ರಲ್ಲಿ ಸ್ಪೇನಿನ ಸೆವಿಯಾ ಕ್ಲಬ್ಬಿನ ಕಿರಿಯರ ತಂಡ ಅವನನ್ನು ಕರೆಸಿಕೊಂಡಿತು. ಬಾಲ್ಟಿಕ್‌ನ ಮಂಜಿನಿಂದ ಆಂಡಲೂಸಿಯಾದ ಬಿಸಿಲಿಗೆ. ಸ್ಪ್ಯಾನಿಷ್ ಗೊತ್ತಿಲ್ಲ, ಊಟ ಹಿಡಿಸುವುದಿಲ್ಲ, ಮೈಯಲ್ಲಿ ಮಾಂಸವಿಲ್ಲ. ಇದಕ್ಕೆಲ್ಲ ಮಿಗಿಲಾಗಿ ಇನ್ನೊಂದು ಕಾಟ: ಐದು ನಿಮಿಷ ಓಡಿದರೆ ಸಾಕು, ಏದುಸಿರು. ಹುಡುಗ ಸೋಮಾರಿ, ಮೈಗಳ್ಳ ಎಂದು ನೋಡಿದವರು ತೀರ್ಮಾನಿಸಿದರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು: ರಕ್ತಹೀನತೆ. ಮೇಲಕ್ಕೆ ಬೆಳೆಯುತ್ತಲೇ ಇದ್ದ ಆ ದೇಹಕ್ಕೆ ಸಾಲುವಷ್ಟು ಕಬ್ಬಿಣದಂಶ ರಕ್ತದಲ್ಲಿ ಇರಲಿಲ್ಲ.

ಕಬ್ಬಿಣದ ಗುಳಿಗೆ ನುಂಗಿದ್ದೇ ಬೇರೆ ಹುಡುಗನಾದ ಎಂದು ಬರೆದುಬಿಡುವುದು ಸುಲಭ. ಹಾಗಾಗಲಿಲ್ಲ, ವರ್ಷಗಳೇ ಹಿಡಿದವು. ಆದರೆ ಈ ಸೆವಿಯಾ ಪರ್ವದಲ್ಲಿ ಒಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಅವನ ದೇಹದ ಬಗ್ಗೆ ಮಂದಿ ತಪ್ಪು ತೀರ್ಪು ಕೊಟ್ಟದ್ದು ಇದೇ ಮೊದಲು, ಇದೇ ಕೊನೆಯಲ್ಲ. ದೈತ್ಯನಂತೆ ಕಾಣುವವನು ದಣಿದರೆ ನಮಗೆ ಅನುಕಂಪ ಬರುವುದಿಲ್ಲ, ಅನುಮಾನ ಬರುತ್ತದೆ.

ಸ್ಪೇನಿನ ಎಸಿಬಿ ಲೀಗ್ ಯುರೋಪಿನ ಗಟ್ಟಿ ಲೀಗ್‌ಗಳಲ್ಲಿ ಒಂದು. ಮೂವತ್ತು ದಾಟಿದ ಗಡಸು ಗಂಡಸರು ಮೊಣಕೈಯಲ್ಲಿ ತಿವಿಯುತ್ತ ಆಡುವ ಜಾಗ. ಹದಿನೇಳಕ್ಕೇ ಅಲ್ಲಿ ಕಾಲಿಟ್ಟವನು, 2014ರಲ್ಲಿ ಎನ್‌ಬಿಎ ಡ್ರಾಫ್ಟ್‌ಗೆ ಹೆಸರು ಕೊಟ್ಟು ಹಿಂದಕ್ಕೆ ಪಡೆದ. ಇನ್ನೂ ಒಂದು ವರ್ಷ ಇಲ್ಲೇ ಬಲಿಯುತ್ತೇನೆ ಎಂಬ ಲೆಕ್ಕ. ಹದಿನೆಂಟು ವರ್ಷದ ಹುಡುಗನಿಗೆ, ಅವನ ಅಣ್ಣನಿಗೆ, ಇದ್ದ ಈ ತಾಳ್ಮೆಯನ್ನು ಹೊಗಳಲೇಬೇಕು.

ಒಂದು ರಾತ್ರಿಯ ಬೈಗುಳ

2015ರ ಜೂನ್ 25. ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್. ಎನ್‌ಬಿಎ ಡ್ರಾಫ್ಟ್ ಎಂದರೆ ಹೊಸ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಸಮಾರಂಭ. ನಮ್ಮ ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗುವುದಿಲ್ಲ. ಹಿಂದಿನ ಸಾಲಿನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿಗಳು ಸಿಗುವ ಸಾಧ್ಯತೆ ಹೆಚ್ಚು. ಆ ಸಾಲಿನಲ್ಲಿ ನ್ಯೂಯಾರ್ಕ್ ನಿಕ್ಸ್ 82ರಲ್ಲಿ ಗೆದ್ದದ್ದು 17 ಪಂದ್ಯ. ಅಷ್ಟು ಅವಮಾನ ನುಂಗಿದ ಅಭಿಮಾನಿಗಳಿಗೆ ಉಳಿದಿದ್ದ ಒಂದೇ ಸಮಾಧಾನ ನಾಲ್ಕನೇ ಆಯ್ಕೆ. ಕಮಿಷನರ್ ಆಡಮ್ ಸಿಲ್ವರ್ ವೇದಿಕೆಗೆ ಬಂದು ಓದಿದ ಹೆಸರು, ಸಭಾಂಗಣದಲ್ಲಿ ಬಹಳ ಮಂದಿಗೆ ಉಚ್ಚರಿಸಲೂ ಬಾರದ್ದು.

ಬೂ ಎಂಬ ಕೂಗು ಮಾಡು ಮುಟ್ಟಿತು. ನಿಕ್ಸ್ ಜೆರ್ಸಿ ತೊಟ್ಟ ಒಬ್ಬ ಪುಟ್ಟ ಹುಡುಗ ಅಳುವುದನ್ನು ಕ್ಯಾಮೆರಾ ಹಿಡಿಯಿತು. ಆ ಅಳುಮುಖ ಮಾರನೆಯ ದಿನದ ಹೊತ್ತಿಗೆ ಲೋಕವೆಲ್ಲ ಸುತ್ತಿತ್ತು.

ಅವರ ಸಿಟ್ಟಿಗೆ ಕಾರಣವಿತ್ತು ಅನ್ನಿ. 1999ರಲ್ಲಿ ಇದೇ ನಿಕ್ಸ್ ಫ್ರೆಡರಿಕ್ ವೈಸ್ ಎಂಬ ಏಳಡಿ ಎರಡಿಂಚಿನ ಫ್ರೆಂಚ್ ಸೆಂಟರ್‌ನನ್ನು ಆರಿಸಿತ್ತು. ಆತ ಎನ್‌ಬಿಎಯಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಜಗತ್ತಿಗೆ ಆತ ನೆನಪಿರುವುದು ಮರುವರ್ಷದ ಸಿಡ್ನಿ ಒಲಿಂಪಿಕ್ಸ್‌ನ ಒಂದು ಕ್ಷಣಕ್ಕಾಗಿ: ಅಮೆರಿಕದ ವಿನ್ಸ್ ಕಾರ್ಟರ್ ಆತನ ತಲೆಯ ಮೇಲೆ ಹಾದುಹೋಗಿ ಡಂಕ್ ಮಾಡಿದ. ನ್ಯೂಯಾರ್ಕ್‌ನವರು ಇದನ್ನು ಮರೆತಿರಲಿಲ್ಲ. ಯುರೋಪಿನಿಂದ ಬರುವ ಉದ್ದನೆಯ ಬಿಳಿ ಹುಡುಗ ಎಂದರೆ ಮೆತ್ತಗಿನ ಆಸಾಮಿ, ತಳ್ಳಿದರೆ ಬೀಳುವವನು ಎಂಬುದು ಅಲ್ಲಿಯ ಗಾದೆಯಂತಾಗಿತ್ತು.

ಪೊರ್ಜಿಂಗಿಸ್ ಆ ಕೂಗಿನ ನಡುವೆಯೇ ಎದ್ದು, ಅಪ್ಪ ಅಮ್ಮನನ್ನು ಅಪ್ಪಿ, ಟೋಪಿ ಹಾಕಿಕೊಂಡು ವೇದಿಕೆ ಹತ್ತಿದ. ಬೂ ಅಂದವರನ್ನು ಚಪ್ಪಾಳೆ ತಟ್ಟುವಂತೆ ಮಾಡುವುದು ತನ್ನ ಕೆಲಸ ಎಂಬ ಅರ್ಥದ ಮಾತನ್ನು ಅವತ್ತೇ ಪತ್ರಕರ್ತರ ಮುಂದೆ ಆಡಿದ. ಮೊದಲ ಸೀಸನ್‌ನಲ್ಲಿ 72 ಪಂದ್ಯ, ಪಂದ್ಯಕ್ಕೆ ಸರಾಸರಿ 14.3 ಅಂಕ, 7.3 ರಿಬೌಂಡ್. ವರ್ಷದ ಹೊಸ ಆಟಗಾರನ ಪ್ರಶಸ್ತಿಯ ಮತದಾನದಲ್ಲಿ ಕಾರ್ಲ್-ಆಂಟನಿ ಟೌನ್ಸ್ ನಂತರ ಎರಡನೇ ಸ್ಥಾನ. ಸಹ ಆಟಗಾರ ಎಸೆದ ಬಾಲು ರಿಂಗಿಗೆ ಬಡಿದು ಆಚೆ ಹಾರಿದಾಗ, ಎಲ್ಲಿಂದಲೋ ಓಡಿ ಬಂದು ಗಾಳಿಯಲ್ಲೇ ಹಿಡಿದು ಅಲ್ಲಿಂದಲೇ ಒಳಕ್ಕೆ ಗುದ್ದುವುದು ಅವನ ಹೆಗ್ಗುರುತಾಯಿತು. ಕ್ರಿಸ್‌ಮಸ್ ಬರುವ ಹೊತ್ತಿಗೆ ನಿಕ್ಸ್‌ನ ತವರಾದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅದೇ ಹೆಸರಿಗೆ ಜೈಕಾರ.

ಒಂಟಿಕೊಂಬಿನ ಕುದುರೆ

ಆ ಸೀಸನ್‌ನಲ್ಲೇ ಲೀಗಿನ ದೊಡ್ಡ ತಾರೆ ಕೆವಿನ್ ಡ್ಯುರಾಂಟ್ ಅವನಿಗೆ ಯೂನಿಕಾರ್ನ್ ಎಂದು ಹೆಸರಿಟ್ಟ. ಕತೆಯಲ್ಲಿ ಮಾತ್ರ ಇರುವ ಒಂಟಿಕೊಂಬಿನ ಕುದುರೆ. ಆ ಹೆಸರು ಯಾಕೆ ಅಂಟಿತು ಎಂದು ತಿಳಿಯಲು ಆಟದ ಒಳಗನ್ನು ಸ್ವಲ್ಪ ನೋಡಬೇಕು.

ರಿಂಗ್ ನೆಲದಿಂದ ಹತ್ತು ಅಡಿ ಎತ್ತರ. ಪೊರ್ಜಿಂಗಿಸ್ ಸುಮ್ಮನೆ ನಿಂತು ಕೈಯೆತ್ತಿದರೆ ಅವನ ಬೆರಳ ತುದಿಗೂ ರಿಂಗಿಗೂ ಇರುವ ಅಂತರ ಒಂದು ಅಡಿಗಿಂತ ಕಡಿಮೆ. ಇಷ್ಟು ಉದ್ದದವರನ್ನು ದಶಕಗಳ ಕಾಲ ರಿಂಗಿನ ಕೆಳಗೇ ಕಟ್ಟಿಹಾಕಿದ್ದರು: ಬೆನ್ನು ಕೊಟ್ಟು ನಿಲ್ಲು, ತಳ್ಳು, ಹತ್ತಿರದಿಂದ ಹಾಕು, ಎದುರಾಳಿ ಬಂದರೆ ತಡೆ. ದೂರದಿಂದ ಎಸೆಯುವುದು ಗಿಡ್ಡನೆಯವರ ಕಸುಬು. ಎನ್‌ಬಿಎಯ ಮೂರಂಕದ ಗೆರೆ ರಿಂಗಿನಿಂದ 23 ಅಡಿ 9 ಇಂಚು ದೂರ. ಈ ಹುಡುಗ ಆ ಗೆರೆಯಿಂದಲೂ ಹಿಂದೆ ನಿಂತು ಸಲೀಸಾಗಿ ಎಸೆಯುತ್ತಿದ್ದ. ಮರುಕ್ಷಣ ಆ ತುದಿಗೆ ಓಡಿ ಬ್ಲಾಕ್ ಮಾಡುತ್ತಿದ್ದ. ಎರಡರಲ್ಲಿ ಒಂದು ಬಲ್ಲವರು ಬೇಕಾದಷ್ಟು ಮಂದಿ. ಎರಡನ್ನೂ ಬಲ್ಲವರು ಆಗ ಬೆರಳೆಣಿಕೆ.

ಅವನು ಗೆರೆಯಾಚೆ ನಿಂತರೆ ಎದುರಾಳಿಯ ಸೆಂಟರ್‌ಗೆ ಧರ್ಮಸಂಕಟ. ರಿಂಗ್ ಕಾಯುತ್ತ ಒಳಗೇ ನಿಂತರೆ ಇವನು ಮೂರಂಕ ಹಾಕುತ್ತಾನೆ. ಇವನ ಹತ್ತಿರ ಬಂದರೆ ಒಳಗೆ ಬಾಗಿಲು ತೆರೆದ ಹಾಗೆ, ಉಳಿದವರು ನುಗ್ಗುತ್ತಾರೆ. ಗಿಡ್ಡನೆಯ ಗಾರ್ಡ್ ಒಬ್ಬನನ್ನು ಇವನ ಮೇಲೆ ಬಿಟ್ಟರೆ ಇನ್ನೂ ಚೆಂದ. ಫ್ರೀ ಥ್ರೋ ಗೆರೆಯ ಹತ್ತಿರ ಬಾಲು ಹಿಡಿದು, ಒಂದು ಸಲ ಭುಜ ಅಲುಗಿಸಿ, ತಲೆಯ ಮೇಲಿಂದ ಎಸೆಯುತ್ತಾನೆ. ಎಷ್ಟೇ ಹಾರಿದರೂ ಆ ಗಾರ್ಡ್‌ನ ಬೆರಳು ಇವನ ಮೊಣಕೈಗೆ ಸೋಕಬಹುದು, ಬಾಲಿಗಲ್ಲ. ಎದುರು ಯಾರೂ ಇಲ್ಲದ ಹಾಗೆ, ಅಭ್ಯಾಸದಲ್ಲಿ ಎಸೆದ ಹಾಗೆ ಎಸೆಯುತ್ತಾನೆ. ನೋಡುವವರಿಗೆ ಇದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ, ನಿಜ.

ನ್ಯೂಯಾರ್ಕ್ ಈ ಕುದುರೆಗೆ ಇಡೀ ಬಂಡಿ ಕಟ್ಟಿತು. ಅಲ್ಲಿಂದ ಎಲ್ಲ ಎಡವಟ್ಟಾಯಿತು. ಅವನನ್ನು ಆರಿಸಿದ ಅಧ್ಯಕ್ಷ ಫಿಲ್ ಜಾಕ್ಸನ್‌ರ ಜೊತೆಗೇ ಮುನಿಸು ಬೆಳೆದು, 2017ರಲ್ಲಿ ಸೀಸನ್ ಕೊನೆಯ ಸಭೆಗೆ ಹೋಗದೆ ಅವನು ಊರಿಗೆ ಹೊರಟುಬಿಟ್ಟ. ಜಾಕ್ಸನ್ ಅವನನ್ನು ಬೇರೆ ತಂಡಕ್ಕೆ ಕೊಡುವ ಮಾತಾಡಿದರು. ಕೊನೆಗೆ ಹೋದದ್ದು ಜಾಕ್ಸನ್ನೇ. ಮುಂದಿನ ಸೀಸನ್‌ನಲ್ಲಿ ಪೊರ್ಜಿಂಗಿಸ್ ಸರಾಸರಿ 22.7 ಅಂಕಕ್ಕೆ ಏರಿ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದ.

ಆಲ್‌ಸ್ಟಾರ್ ಪಂದ್ಯಕ್ಕೆ ಹನ್ನೆರಡು ದಿನ ಇರುವಾಗ, 2018ರ ಫೆಬ್ರವರಿ 6ರಂದು, ಮಿಲ್ವಾಕಿ ಬಕ್ಸ್ ತಂಡ ಗಾರ್ಡನ್‌ಗೆ ಬಂದಿತ್ತು. ಎರಡನೇ ಕ್ವಾರ್ಟರ್. ಪೊರ್ಜಿಂಗಿಸ್ ರಿಂಗಿನತ್ತ ನುಗ್ಗಿ ಪಾಸ್ ಹಿಡಿದು ಬಕ್ಸ್‌ನ ತಾರೆ ಆಂಟೆಟೊಕೂಂಪೊನ ಮೇಲೆಯೇ ಡಂಕ್ ಗುದ್ದಿದ. ಇಡೀ ಗಾರ್ಡನ್ ಎದ್ದು ನಿಂತಿತು. ನೆಲಕ್ಕೆ ಇಳಿದವನು ಏಳಲಿಲ್ಲ, ಎಡ ಮಂಡಿ ಹಿಡಿದು ಹೊರಳಾಡಿದ. ಮಂಡಿಯ ಎಸಿಎಲ್ ಎಂಬ ಕಟ್ಟು ಹರಿದಿತ್ತು. ಜೈಕಾರ ಹಾಕಲು ತೆರೆದ ಬಾಯಿಗಳು ಹಾಗೆಯೇ ನಿಂತುಬಿಟ್ಟವು. ಆ ದೃಶ್ಯವನ್ನು ನಾನು ಎರಡು ಸಲ ನೋಡಿದ್ದೇನೆ, ಮೂರನೇ ಸಲ ನೋಡುವ ಮನಸ್ಸಿಲ್ಲ.

ಉದ್ದನೆಯ ಮೂಳೆಗಳು ಉದ್ದನೆಯ ಸನ್ನೆಗೋಲುಗಳು. ಎತ್ತರದಿಂದ ಇಳಿಯುವ ಭಾರವೆಲ್ಲ ಮಂಡಿಯ, ಪಾದದ ಸಣ್ಣ ಕಟ್ಟುಗಳ ಮೇಲೆ ಬೀಳುತ್ತದೆ. ಹಳೆಯ ಕಾಲದ ಸೆಂಟರ್‌ಗಳೂ ಮಂಡಿ ಕಳೆದುಕೊಂಡವರೇ. ಆದರೆ ಅವರು ನಿಂತಲ್ಲೇ ನಿಂತು ಆಡುತ್ತಿದ್ದರು. ಇವನಿಂದ ಮಾತ್ರ ಆಟ ಕೇಳಿದ್ದು ಗಾರ್ಡ್‌ನ ಓಟವನ್ನು, ಸೆಂಟರ್‌ನ ಜಿಗಿತವನ್ನು, ಎರಡನ್ನೂ ಒಂದೇ ಮಂಡಿಯ ಮೇಲೆ.

ಮೂಲೆಯಲ್ಲಿ ನಿಲ್ಲಿಸಿದರು

2019ರ ಜನವರಿ 31ರಂದು, ಇನ್ನೂ ಕೋರ್ಟಿಗೆ ಮರಳದ ಅವನನ್ನು ನಿಕ್ಸ್ ಡಲ್ಲಾಸ್‌ಗೆ ಕೊಟ್ಟಿತು. ಡಲ್ಲಾಸ್ ಐದು ವರ್ಷಕ್ಕೆ 15.8 ಕೋಟಿ ಡಾಲರ್‌ನ ಕರಾರು ಬರೆಯಿತು. ಅಲ್ಲಿದ್ದ ಲೂಕಾ ಡಾನ್ಚಿಚ್ ಹಳೆಯ ಪರಿಚಯದವನೇ. 2017ರ ಯುರೋಬ್ಯಾಸ್ಕೆಟ್ ಕ್ವಾರ್ಟರ್ ಫೈನಲ್‌ನಲ್ಲಿ, ಇಸ್ತಾಂಬುಲ್‌ನಲ್ಲಿ, ಪೊರ್ಜಿಂಗಿಸ್ 34 ಅಂಕ ಹಾಕಿಯೂ ಲಾಟ್ವಿಯಾ 103-97ರಿಂದ ಸ್ಲೊವೇನಿಯಾಕ್ಕೆ ಸೋತಾಗ ಎದುರಿದ್ದ ಹದಿನೆಂಟರ ಹುಡುಗ. ಈಗ ಇಬ್ಬರೂ ಒಂದೇ ಕಡೆ. ಬಾಲ್ಟಿಕ್‌ನ ದೈತ್ಯ, ಬಾಲ್ಕನ್‌ನ ಮಾಂತ್ರಿಕ: ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಕಾಗದದ ಮೇಲೆ ಮಾತ್ರ. ಡಾನ್ಚಿಚ್‌ಗೆ ಬಾಲು ಕೈಯಲ್ಲಿರಬೇಕು, ಇಡೀ ಆಟ ಅವನ ಸುತ್ತ ಸುತ್ತಬೇಕು. 2021ರ ಪ್ಲೇಆಫ್ ಹೊತ್ತಿಗೆ ಪೊರ್ಜಿಂಗಿಸ್‌ನ ಪಾತ್ರ ಏನೆಂದರೆ ಮೂಲೆಯಲ್ಲಿ ನಿಂತು ಒಬ್ಬ ಎದುರಾಳಿಯನ್ನು ತನ್ನ ಕಡೆ ಸೆಳೆದಿಟ್ಟುಕೊಳ್ಳುವುದು. ಬಾಲು ಬಂದರೆ ಬಂತು. ಇದರ ನಡುವೆ 2020ರಲ್ಲಿ ಬಲ ಮಂಡಿಗೂ ಶಸ್ತ್ರಚಿಕಿತ್ಸೆಯಾಗಿತ್ತು. ತಪ್ಪು ಯಾರದು ಎಂದು ಡಲ್ಲಾಸ್‌ನಲ್ಲಿ ಈಗಲೂ ವಾದಿಸುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಬ್ಬರಿಗೂ ವಯಸ್ಸು ಸಾಲದಾಗಿತ್ತು.

2022ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ಗೆ ಟ್ರೇಡ್. ಬದಲಿಗೆ ಡಲ್ಲಾಸ್‌ಗೆ ಹೋದ ಇಬ್ಬರಲ್ಲಿ ಒಬ್ಬ ದಾವಿಸ್ ಬರ್ತಾನ್ಸ್, ಅವನೂ ಲಾಟ್ವಿಯನ್! ವಾಷಿಂಗ್ಟನ್‌ನಲ್ಲಿ ಯಾರೂ ನೋಡದ ಪಂದ್ಯಗಳಲ್ಲಿ, ಪ್ಲೇಆಫ್ ಕಾಣದ ತಂಡದಲ್ಲಿ, ಅವನು ತನ್ನ ಜೀವನದ ಅತ್ಯುತ್ತಮ ಸರಾಸರಿ ಬರೆದ: 23.2 ಅಂಕ. ಯೂನಿಕಾರ್ನ್ ಎಂಬ ಮಾತು ಅಷ್ಟರಲ್ಲಿ ಹಳತಾಗಿತ್ತು, ಏಳಡಿಯ ಶೂಟರ್‌ಗಳು ಲೀಗಿನ ತುಂಬ ಬಂದಿದ್ದರು. ಅಪರೂಪದವನು ಎಂಬ ಹೊರೆ ಇಳಿದದ್ದು ಅವನಿಗೆ ಒಳ್ಳೆಯದೇ ಆಯಿತು ಎಂದು ನನ್ನ ಗುಮಾನಿ.

2023ರ ಜೂನ್‌ನಲ್ಲಿ ಬಾಸ್ಟನ್ ಕರೆಯಿತು. ಅದೂ ನೆಟ್ಟಗೆ ಆಗಲಿಲ್ಲ. ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ ಸೇರಿದ್ದ ಮೊದಲ ಒಪ್ಪಂದ, ಬದಲಾಗಬೇಕಿದ್ದ ಮತ್ತೊಬ್ಬ ಆಟಗಾರನ ಆರೋಗ್ಯದ ಅನುಮಾನದಿಂದ ಮುರಿದುಬಿತ್ತು. ಗಡುವು ಮಧ್ಯರಾತ್ರಿಗೆ. ಗಂಟೆಗಳ ಅಂತರದಲ್ಲಿ ಬೇರೆ ದಾರಿ ಹುಡುಕಿ, ಒಂಬತ್ತು ವರ್ಷ ಬಾಸ್ಟನ್‌ಗೆ ಬೆವರು ಹರಿಸಿದ್ದ ಮಾರ್ಕಸ್ ಸ್ಮಾರ್ಟ್‌ನನ್ನು ಮೆಂಫಿಸ್‌ಗೆ ಕಳಿಸಿ ಇವನನ್ನು ತಂದರು. ಬಾಸ್ಟನ್‌ನವರಿಗೆ ಸ್ಮಾರ್ಟ್ ಮನೆಮಗ. ಮತ್ತೊಮ್ಮೆ ಪೊರ್ಜಿಂಗಿಸ್ ಬಂದದ್ದು ಯಾರದೋ ದುಃಖದ ನಡುವೆ.

ಅಲ್ಲಿಯವರೆಗೆ ಅವನು ತೊಟ್ಟಿದ್ದ ಸಂಖ್ಯೆ 6. ಬಾಸ್ಟನ್‌ನಲ್ಲಿ ಅದು ಸಿಗುವಂತಿರಲಿಲ್ಲ. ಆರನೇ ಸಂಖ್ಯೆ ಬಿಲ್ ರಸೆಲ್‌ನದು, ಸೆಲ್ಟಿಕ್ಸ್ ಅದನ್ನು ಎಂದೋ ಮಾಡಿಗೆ ಏರಿಸಿಟ್ಟಿದೆ. 2022ರಲ್ಲಿ ರಸೆಲ್ ತೀರಿಕೊಂಡ ಮೇಲೆ ಇಡೀ ಲೀಗ್ ಆ ಸಂಖ್ಯೆಯನ್ನು ಹೊಸಬರಿಗೆ ಕೊಡುವುದನ್ನು ನಿಲ್ಲಿಸಿತು. ಪೊರ್ಜಿಂಗಿಸ್ 8 ಎತ್ತಿಕೊಂಡ. ಮೆಲ್ಬೋರ್ನ್‌ನಲ್ಲಿ ಕ್ರೂಮಿನ್ಶ್‌ನ ತಂಡವನ್ನು ಸೋಲಿಸಿ ಹೋದವನ ಮನೆಯಲ್ಲಿ, 67 ವರ್ಷದ ನಂತರ, ಕ್ರೂಮಿನ್ಶ್‌ನಷ್ಟೇ ಉದ್ದದ ಇನ್ನೊಬ್ಬ ಲಾಟ್ವಿಯನ್.

ಬಾಸ್ಟನ್‌ನಲ್ಲಿ ಜೇಸನ್ ಟೇಟಮ್ ಇದ್ದ, ಜೇಲೆನ್ ಬ್ರೌನ್ ಇದ್ದ. ಬಂಡಿ ಎಳೆಯುವ ಕೆಲಸ ಇವನದಲ್ಲ. ಐವರೂ ಗೆರೆಯಾಚೆ ನಿಂತು ಆಡುವ ಆ ತಂಡದಲ್ಲಿ ಅವನಿಗೆ ಹೇಳಿದ್ದು ಇಷ್ಟೇ: ಗಿಡ್ಡನೆಯವನು ನಿನ್ನ ಮೇಲೆ ಬಂದಾಗ ಶಿಕ್ಷೆ ಕೊಡು, ಮಿಕ್ಕ ಹೊತ್ತು ಜಾಗ ಬಿಡು, ಆ ತುದಿಯಲ್ಲಿ ರಿಂಗ್ ಕಾಯಿ. ಇಪ್ಪತ್ತೈದರ ಪ್ರಾಯದಲ್ಲಿ ಮೂಲೆಯಲ್ಲಿ ನಿಲ್ಲಿಸಿದಾಗ ಒಳಗೇ ಕುದಿದವನು, ಇಪ್ಪತ್ತೆಂಟರಲ್ಲಿ ತಾನಾಗಿಯೇ ಪಕ್ಕಕ್ಕೆ ನಿಂತ. ವಾಷಿಂಗ್ಟನ್‌ಗಿಂತ ಮೂರು ಅಂಕ ಕಡಿಮೆ ಸರಾಸರಿ. ತಂಡ ಗೆದ್ದದ್ದು 64 ಪಂದ್ಯ.

ಫೈನಲ್ಸ್‌ನಲ್ಲಿ ಎದುರು ಬಂದದ್ದು ಡಲ್ಲಾಸ್, ಡಾನ್ಚಿಚ್. ಮೊದಲ ಪಂದ್ಯದ ಕತೆ ಆಗಲೇ ಹೇಳಿದೆ. ಎರಡನೆಯದರಲ್ಲಿ ಎಡಗಾಲಿನ ಪಾದದ ಬಳಿ ಸ್ನಾಯುರಜ್ಜುವನ್ನು ಜಾಗದಲ್ಲಿ ಹಿಡಿದಿಡುವ ಪಟ್ಟಿ ಹರಿಯಿತು. ರಜ್ಜು ತನ್ನ ತೋಡಿನಿಂದ ಜಾರಿ ಹೊರಬರುವ, ತೀರಾ ಅಪರೂಪದ ಪೆಟ್ಟು. ಎರಡು ಪಂದ್ಯ ಕೂತ. ಜೂನ್ 17ರ ಐದನೇ ಪಂದ್ಯಕ್ಕೆ ಹಾಗೆಯೇ ಇಳಿದು 16 ನಿಮಿಷ ಆಡಿದ, ಓಡಿದ್ದಕ್ಕಿಂತ ಕುಂಟಿದ್ದೇ ಹೆಚ್ಚು. 106-88. ಎನ್‌ಬಿಎ ಕಿರೀಟ ಗೆದ್ದ ಮೊದಲ ಲಾಟ್ವಿಯನ್. ಹತ್ತು ದಿನದ ಮೇಲೆ ಆಪರೇಷನ್ ಟೇಬಲ್.

ಅವನಿಲ್ಲದ ಗೆಲುವು

ಇನ್ನು ಕೊಂಚ ಮುಜುಗರದ ವಿಷಯಕ್ಕೆ ಬರುತ್ತೇನೆ. ಸ್ವಾತಂತ್ರ್ಯದ ನಂತರ ಲಾಟ್ವಿಯಾದ ರಾಷ್ಟ್ರೀಯ ತಂಡ ಆಡಿದ ಅತಿ ಸುಂದರ ಟೂರ್ನಿಯಲ್ಲಿ ಪೊರ್ಜಿಂಗಿಸ್ ಇರಲಿಲ್ಲ.

2023ರ ವಿಶ್ವಕಪ್, ಲಾಟ್ವಿಯಾಕ್ಕೆ ಅದೇ ಮೊದಲನೆಯದು. ಅಂಗಾಲಿನ ನೋವಿನಿಂದ ಪೊರ್ಜಿಂಗಿಸ್ ಹಿಂದೆ ಸರಿದ. ಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡವರೇ ಎಲ್ಲ. ಇಟಲಿಯ ಕೋಚ್ ಲೂಕಾ ಬಾಂಕಿ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ಜಕಾರ್ತಾದಲ್ಲಿ ಫ್ರಾನ್ಸ್ ವಿರುದ್ಧ ಹಿಂದೆ ಬಿದ್ದಿದ್ದವರು ಎದ್ದು 88-86ರಿಂದ ಗೆದ್ದು ಆ ದೊಡ್ಡ ತಂಡವನ್ನು ಮನೆಗೆ ಕಳಿಸಿದರು. ನಂತರ ಹಾಲಿ ಚಾಂಪಿಯನ್ ಸ್ಪೇನ್, ಆಮೇಲೆ ಬ್ರೆಜಿಲ್. ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ಎದುರು ಕೊನೆಯ ಕ್ಷಣ, ಎರಡು ಅಂಕದ ಹಿನ್ನಡೆ. ದಾವಿಸ್ ಬರ್ತಾನ್ಸ್ ಎಸೆದ ತ್ರೀ ಪಾಯಿಂಟರ್ ರಿಂಗಿನೊಳಗೆ ಬೀಳಲಿಲ್ಲ. 81-79. ಆ ಜರ್ಮನಿಯೇ ಕಪ್ ಗೆದ್ದಿತು. 2017ರಲ್ಲಿ ಲಾಟ್ವಿಯಾವನ್ನು ಸೋಲಿಸಿದ ಸ್ಲೊವೇನಿಯಾವೂ ಕಪ್ ಗೆದ್ದಿತ್ತು. ಲಾಟ್ವಿಯನ್ನರು ಸೋಲುವುದಾದರೂ ಆರಿಸಿ ಸೋಲುತ್ತಾರೆ ನೋಡಿ. ಕೊನೆಗೆ ಐದನೇ ಸ್ಥಾನಕ್ಕಾಗಿ ನೆರೆಯ ಲಿಥುವೇನಿಯಾವನ್ನು 98-63ರಿಂದ ಬಡಿದರು. ಆ ಪಂದ್ಯದಲ್ಲಿ ಆರ್ತುರ್ಸ್ ಜಗಾರ್ಸ್ ಕೊಟ್ಟ 17 ಅಸಿಸ್ಟ್ ವಿಶ್ವಕಪ್ ದಾಖಲೆ.

ಅದಕ್ಕೂ ಎರಡು ವರ್ಷ ಹಿಂದೆ, ಟೋಕಿಯೊದಲ್ಲಿ ಒಲಿಂಪಿಕ್ಸ್‌ಗೆ ಹೊಸದಾಗಿ ಬಂದ ಮೂವರ ಬ್ಯಾಸ್ಕೆಟ್‌ಬಾಲ್‌ನ ಗಂಡಸರ ಮೊದಲ ಚಿನ್ನವೂ ಲಾಟ್ವಿಯಾದ್ದೇ. ಅಲ್ಲೂ ಎನ್‌ಬಿಎ ನಕ್ಷತ್ರಗಳಿಲ್ಲ. ಆಟದ ವಿಷಯಕ್ಕೆ ಈ ಜನ ಎಂಥವರೆಂದರೆ, 2023ರಲ್ಲಿ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಬಂದ ರಾತ್ರಿಯೇ ಸಂಸತ್ತು ಸಭೆ ಸೇರಿ ಮಾರನೆಯ ದಿನ ದೇಶಕ್ಕೆಲ್ಲ ರಜೆ ಸಾರಿತು.

ಹಾಗಾದರೆ ಅವನಿಲ್ಲದೆಯೇ ಚೆಂದವೇ? ಕೆಲವರು ಹಾಗೆ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಒಬ್ಬ ದೈತ್ಯ ಇದ್ದಾಗ ಉಳಿದವರು ಅವನ ಕಡೆ ನೋಡುತ್ತ ನಿಲ್ಲುವುದು ಅವನ ದೋಷವಲ್ಲ. ಬಾಸ್ಟನ್ ತೋರಿಸಿಕೊಟ್ಟದ್ದೂ ಅದನ್ನೇ. ಅವನ ಸುತ್ತ ಕಟ್ಟಿದ ತಂಡಗಳು ಕುಸಿದವು, ಅವನನ್ನು ಒಳಗೆ ಸೇರಿಸಿಕೊಂಡ ತಂಡ ಗೆದ್ದಿತು.

2025ರಲ್ಲಿ ಅವನ ದೇಹ ಮತ್ತೊಂದು ಬಾಕಿ ವಸೂಲಿಗೆ ಬಂತು. ಪ್ಲೇಆಫ್ ಹೊತ್ತಿಗೆ ವಿವರಿಸಲಾಗದ ಸುಸ್ತು. ನ್ಯೂಯಾರ್ಕ್ ವಿರುದ್ಧ ಸರಣಿ ಸೋಲುವಾಗ ಅವನು ಅರ್ಧ ಆಟಗಾರನೂ ಆಗಿರಲಿಲ್ಲ. ಹದಿನೈದರಲ್ಲಿ ಸೆವಿಯಾದಲ್ಲಿ ಕೇಳಿದ ಪಿಸುಮಾತುಗಳೇ ಮತ್ತೆ ಎದ್ದವು. ಆಮೇಲೆ ತಿಳಿದದ್ದು, ಅದು ಪಾಟ್ಸ್ ಎಂಬ ತೊಂದರೆ: ಎದ್ದು ನಿಂತರೆ ಎದೆಬಡಿತ ವಿಪರೀತ ಏರುತ್ತದೆ, ತಲೆ ತಿರುಗುತ್ತದೆ, ಶಕ್ತಿ ಸೋರಿಹೋಗುತ್ತದೆ. ಎದ್ದು ನಿಲ್ಲುವುದೇ ಕಸುಬಾದ ಏಳಡಿಯವನಿಗೆ! ಅಷ್ಟರಲ್ಲಿ ತೆರಿಗೆಯ ಭಾರ ಇಳಿಸಿಕೊಳ್ಳಲು ಹೊರಟ ಬಾಸ್ಟನ್ ಅವನನ್ನು ಅಟ್ಲಾಂಟಾಕ್ಕೆ ಕಳಿಸಿಯಾಗಿತ್ತು.

ಆ ಬೇಸಿಗೆಯಲ್ಲಿ ವಿಶ್ರಾಂತಿ ಪಡೆದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಯುರೋಬ್ಯಾಸ್ಕೆಟ್ ರೀಗಾಕ್ಕೆ ಬಂದಿತ್ತು. ಅವನು ಊರಿಗೆ ಹೋದ. ಸೆರ್ಬಿಯಾಕ್ಕೆ ನಾಲ್ಕೇ ಅಂಕದಿಂದ ಸೋತ ಪಂದ್ಯವೂ ಸೇರಿ ಗುಂಪಿನ ಪಂದ್ಯಗಳು ಮುಗಿದು, ಹದಿನಾರರ ಘಟ್ಟದಲ್ಲಿ ಎದುರಾದದ್ದು ಲಿಥುವೇನಿಯಾ. ಇವೆರಡರದು ದಾಯಾದಿಗಳ ಲೆಕ್ಕ. 1939ರಲ್ಲಿ ಕೌನಾಸ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಲಾಟ್ವಿಯಾ 37-36ರಿಂದ, ಒಂದೇ ಅಂಕಕ್ಕೆ, ಇವರಿಗೇ ಸೋತಿತ್ತು. ಈಗ ಕೌನಾಸ್ ಅಲ್ಲ, ರೀಗಾ. ಕೆಂಗಂದು ಜೆರ್ಸಿಯ ಸಾವಿರಾರು ಮಂದಿ ಒಂದೇ ಉಸಿರಿನಲ್ಲಿ ಕೂಗುತ್ತಿದ್ದರು. ಪೊರ್ಜಿಂಗಿಸ್ ಒಳಗಿನಿಂದ ಹಾಕಿದ, ಹೊರಗಿನಿಂದ ಹಾಕಿದ, ಫ್ರೀ ಥ್ರೋ ಗೆರೆಯಲ್ಲಿ ನಿಂತು ಉದ್ದುದ್ದ ಉಸಿರೆಳೆದುಕೊಂಡು ಹಾಕಿದ. ತಂಡದ ಪರ ಅತಿ ಹೆಚ್ಚು ಅಂಕ ಅವನದೇ. 88-79. ಗೆದ್ದದ್ದು ಲಿಥುವೇನಿಯಾ.

ಹಾರ್ನ್ ಮೊಳಗಿದ ಮೇಲೂ ರೀಗಾದಲ್ಲಿ ಯಾರೂ ಬೂ ಅನ್ನಲಿಲ್ಲ.